ಎಂಟನೆಯ ಸ್ಕೆಚ್: 1953ರ ಪಟ್ಟಾಭಿಷೇಕದ ಗೌನು ಕಾಗದದಿಂದ ಸ್ಯಾಟಿನ್‌ಗೆ ಇಳಿದ ಪ್ರಕರಣ

1952ರ ಅಕ್ಟೋಬರಿನಲ್ಲಿ ಲಂಡನ್ನಿನ ವಸ್ತ್ರವಿನ್ಯಾಸಕ ನಾರ್ಮನ್ ಹಾರ್ಟ್ನೆಲ್ ಅವರಿಗೆ ಅರಮನೆಯಿಂದ ಕೆಲಸ ಬಂತು. ಮುಂದಿನ ಜೂನ್ 2ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನಡೆಯುವ ಪಟ್ಟಾಭಿಷೇಕಕ್ಕೆ ರಾಣಿ ಎರಡನೇ ಎಲಿಜಬೆತ್ ತೊಡುವ ಗೌನು ಅವರ ‘ಮನೆ’ಯಲ್ಲೇ, ಅಂದರೆ ಅವರ ವಿನ್ಯಾಸ ಸಂಸ್ಥೆಯಲ್ಲೇ, ತಯಾರಾಗಬೇಕಿತ್ತು. ರಾಣಿ ಹಾಕಿದ ಕರಾರು ಎರಡೇ: ಬಟ್ಟೆ ಬಿಳಿ ಸ್ಯಾಟಿನ್ ಆಗಿರಬೇಕು, ಆಕಾರ 1947ರ ತಮ್ಮ ಮದುವೆಯ ಗೌನಿಗೆ ಹತ್ತಿರವಿರಬೇಕು. ಸುಮಾರು 10,000 ಸಣ್ಣ ಮುತ್ತು ಹೊಲಿದ ಆ ಮದುವೆಯ ಗೌನೂ ಹಾರ್ಟ್ನೆಲ್ ಕೆಲಸವೇ. ಇಷ್ಟು ಸೂಚನೆಯ ಮೇಲೆ ಅವರು ಒಂಬತ್ತು ಸ್ಕೆಚ್ ತಯಾರಿಸಿ ಮುಂದಿಟ್ಟರು. ಒಪ್ಪಿಗೆಯಾದದ್ದು ಎಂಟನೆಯದು. ಆದರೆ ಅದೂ ಇದ್ದಂತೆಯೇ ಒಪ್ಪಿಗೆಯಾಗಲಿಲ್ಲ. ಈ ಬರಹದ ವಿಷಯ ಅದೇ.

ಗೌನು ಈಗ ಬ್ರಿಟನ್ನಿನ ರಾಯಲ್ ಕಲೆಕ್ಷನ್‌ನಲ್ಲಿದೆ, ಅದರ ವಿನ್ಯಾಸಚಿತ್ರವೂ ಅಲ್ಲಿದೆ. 2022ರಲ್ಲಿ ವಿಂಡ್ಸರ್ ಅರಮನೆಯಲ್ಲಿ ಗೌನನ್ನು ಸಾರ್ವಜನಿಕರಿಗೆ ತೋರಿಸಲಾಗಿತ್ತು. ಉಡುಪು ಮತ್ತು ಸ್ಕೆಚ್ ಎರಡೂ ಉಳಿದಿರುವ ಕಡೆ ನೋಡುಗರು ಮಾಡುವ ಮೊದಲ ಕೆಲಸ ವ್ಯತ್ಯಾಸ ಹುಡುಕುವುದು: ಇಲ್ಲಿ ಹೂವು ಜಾಸ್ತಿಯಿದೆ, ಅಲ್ಲಿ ಸೊಂಟ ಸಣ್ಣಗಿದೆ. ಹೀಗೆ ನೋಡಿದರೆ ಸ್ಕೆಚ್ ಬರೆದವರು ತಪ್ಪು ಮಾಡಿದಂತೆ ಅಥವಾ ಹೊಲಿದವರು ಮಾತು ಮೀರಿದಂತೆ ಕಾಣುತ್ತದೆ. ಎರಡೂ ನಿಜವಲ್ಲ. ಗಿರಾಕಿಯ ಮುಂದಿಡುವ ಸ್ಕೆಚ್ ಎಂದರೆ ಆ ದಿನದವರೆಗೆ ಏನೇನು ತೀರ್ಮಾನವಾಗಿದೆ ಎಂಬುದರ ದಾಖಲೆ. ಅದರಲ್ಲಿ ಯಾವುದು ಗಟ್ಟಿಯಾಗಿದೆ, ಯಾವುದನ್ನು ಮುಂದಕ್ಕೆ ಬಿಡಲಾಗಿದೆ, ಯಾವುದು ಇನ್ನೂ ಯಾರ ತಲೆಗೂ ಬಂದಿಲ್ಲ ಎಂದು ಬಿಡಿಸಿ ನೋಡುವುದೇ ಸಂಗ್ರಹಾಲಯದವರ ಕೆಲಸ. ಪಟ್ಟಾಭಿಷೇಕದ ಗೌನು ಇದಕ್ಕೆ ಒಳ್ಳೆಯ ಪ್ರಕರಣ. ಏಕೆಂದರೆ ಹಾರ್ಟ್ನೆಲ್ 1955ರ ತಮ್ಮ ಆತ್ಮಕಥೆಯಲ್ಲಿ ಹಂತಹಂತವಾಗಿ ಏನಾಯಿತೆಂದು ಬರೆದಿಟ್ಟಿದ್ದಾರೆ. ಇಷ್ಟು ವಿವರ ಉಳಿದಿರುವ ಉಡುಪುಗಳು ತೀರ ಕಡಿಮೆ.

ಒಂಬತ್ತು ಸ್ಕೆಚ್, ಒಂದು ಮಾತುಕತೆ

ಮೊದಲನೆಯ ಸ್ಕೆಚ್ ತೀರ ಸರಳ. ವಿಕ್ಟೋರಿಯಾ ರಾಣಿ ತನ್ನ ಪಟ್ಟಾಭಿಷೇಕಕ್ಕೆ ತೊಟ್ಟದ್ದನ್ನು ನೆನಪಿಸುವ ಬಿಳಿ ಸ್ಯಾಟಿನ್, ಕೆಳಅಂಚಿನ ಸುತ್ತ ಮಾತ್ರ ಕಸೂತಿ. ಮುಂದಿನವುಗಳಲ್ಲಿ ವಿಷಯ ಬೇರೆಬೇರೆ, ಅಲಂಕಾರ ಹೆಚ್ಚು. ಇದು ಅನುಭವಿ ವಿನ್ಯಾಸಕರು ಗೊತ್ತಿದ್ದೇ ಮಾಡುವ ಏರ್ಪಾಟು. ಒಂದೇ ಸ್ಕೆಚ್ ಕೊಟ್ಟರೆ ಗಿರಾಕಿ ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ. ಒಂಬತ್ತು ಕೊಟ್ಟರೆ ಇದರ ಬಣ್ಣ, ಅದರ ಅಂಚು ಎಂದು ಮಾತು ಬೆಳೆಯುತ್ತದೆ, ಬೇಕಾದ್ದು ಏನೆಂಬುದು ಗಿರಾಕಿಗೂ ಸ್ಪಷ್ಟವಾಗುತ್ತದೆ.

ಎಂಟನೆಯದರ ವಿಷಯ ಬ್ರಿಟನ್ನಿನ ನಾಡುಗಳ ಲಾಂಛನ ಸಸ್ಯಗಳು. ರಾಣಿಗೆ ಆ ಕಲ್ಪನೆ ಹಿಡಿಸಿತು, ಆದರೆ ಪೂರ್ತಿ ಬಿಳಿ ಮತ್ತು ಬೆಳ್ಳಿಯಲ್ಲೇ ಮಾಡಿದರೆ ಮದುವೆಯ ಗೌನಿನ ಪಡಿಯಚ್ಚಾಗುತ್ತದೆ ಎನ್ನಿಸಿತು. ಹಾಗಾಗಿ ಬಣ್ಣ ಬಂತು. ಗಾಢ ಬಣ್ಣವಲ್ಲ, ತಿಳಿ ಗುಲಾಬಿ, ತಿಳಿ ನೇರಳೆ, ತಿಳಿ ಹಸಿರು ರೇಷ್ಮೆ ಎಳೆಗಳು.

ಎರಡನೆಯ ತಿದ್ದುಪಡಿ ಇನ್ನೂ ದೊಡ್ಡದು. ಬ್ರಿಟನ್ನಿನ ನಾಲ್ಕು ಲಾಂಛನ ಸಾಲದು, ಕಾಮನ್‌ವೆಲ್ತ್‌ನ ಉಳಿದ ದೇಶಗಳದೂ ಇರಬೇಕೆಂದು ರಾಣಿ ಹೇಳಿದರು. ನಾಲ್ಕು ಸಸ್ಯಕ್ಕೆಂದು ಹಂಚಿದ್ದ ಜಾಗದಲ್ಲಿ ಹದಿಮೂರನ್ನು ಕೂರಿಸಬೇಕಾಯಿತು. ವಿನ್ಯಾಸದ ಲೆಕ್ಕವೆಲ್ಲ ಇಲ್ಲಿ ಬದಲಾಯಿತು. ಗೌನಿನಲ್ಲಿ ಇವತ್ತು ಕಾಣುವ ಮೂರು ಸಾಲಿನ ತೋರಣ, ಅಲೆಯಲೆಯಾಗಿ ಕೆಳಗಿಳಿಯುತ್ತ ಅಗಲವಾಗುವ ಅಂಚುಗಳು, ಇಷ್ಟೊಂದು ರೂಪಗಳನ್ನು ಗೊಂದಲವಾಗದಂತೆ ಜೋಡಿಸಲು ಹೊಂದುವ ಚೌಕಟ್ಟು. ಪ್ರತಿ ಸಾಲಿನ ಅಂಚಿಗೆ ಚಿನ್ನದ ಬಣ್ಣದ ಪೈಪ್ ಮಣಿ, ಹೊಳೆಯುವ ಗಾಜಿನ ಹರಳು, ಮುತ್ತು, ಈ ಮೂರರ ಗೆರೆಗಳು. ಆ ಗೆರೆಗಳಿಲ್ಲದಿದ್ದರೆ ದೂರದಿಂದ ಹದಿಮೂರು ಸಸ್ಯವೂ ಒಂದೇ ಬಣ್ಣದ ಚೆಲ್ಲಾಟವಾಗಿ ಕಾಣುತ್ತಿತ್ತು.

ಮೂರನೆಯದು ವೇಲ್ಸ್ ನಾಡಿನ ಪ್ರಶ್ನೆ. ಹಾರ್ಟ್ನೆಲ್‌ಗೆ ಡ್ಯಾಫಡಿಲ್ ಹೂ ಬೇಕಿತ್ತು, ನೋಡಲು ಅಂದ, ಕಸೂತಿಗೂ ಸುಲಭ. ಲಾಂಛನಗಳ ವಿಷಯದಲ್ಲಿ ಅಧಿಕಾರವಿದ್ದ ಗಾರ್ಟರ್ ಕಿಂಗ್ ಆಫ್ ಆರ್ಮ್ಸ್ ಒಪ್ಪಲಿಲ್ಲ. ವೇಲ್ಸ್‌ನ ಅಧಿಕೃತ ಗುರುತು ಲೀಕ್, ಅಂದರೆ ಈರುಳ್ಳಿ ಜಾತಿಯ ತರಕಾರಿ, ಅದೇ ಆಗಬೇಕೆಂದರು. ರಾಣಿಯ ಉಡುಪಿಗೆ ತರಕಾರಿ ಹೇಗೆ ಹಾಕುವುದೆಂದು ಯೋಚಿಸುತ್ತಿದ್ದ ಹಾರ್ಟ್ನೆಲ್‌ಗೆ ವೆಲ್ಷ್ ಗಾರ್ಡ್ಸ್ ಸೈನಿಕರ ಟೋಪಿಯ ಬಿಲ್ಲೆ ನೆನಪಾಯಿತು. ಅದರಲ್ಲಿ ಲೀಕ್ ನೇರವಾಗಿ ನಿಂತು ಎಲೆಗಳನ್ನು ಎರಡೂ ಬದಿಗೆ ಬಾಗಿಸಿ ಹರಡಿದೆ. ಆ ರೂಪ ಹಿಡಿದು, ಗಡ್ಡೆಗೆ ಬಿಳಿ ರೇಷ್ಮೆ ಮತ್ತು ಹರಳು, ಎಲೆಗೆ ತೀರ ತಿಳಿ ಹಸಿರು ರೇಷ್ಮೆ ಬಳಸಿದರು. ಹದಿಮೂರರಲ್ಲಿ ಅತ್ಯಂತ ನಾಜೂಕಾದ ಪರಿಹಾರ ಇದೇ ಎಂಬುದು ನಮ್ಮ ಅಭಿಪ್ರಾಯ. ಇಷ್ಟವಿಲ್ಲದ ರೂಪವನ್ನು ಮುಚ್ಚಿಡದೆ, ಅದರ ಗೆರೆಯಲ್ಲಿ ಒಳ್ಳೆಯದೇನಿದೆಯೋ ಅದನ್ನೇ ಎತ್ತಿ ಹಿಡಿದಿದ್ದಾರೆ.

ಲಾಂಛನ ಎಣಿಸಿ ಹಂತ ಹೇಳುವುದು

ಒಂದೇ ಉಡುಪಿನ ಹಲವು ಸ್ಕೆಚ್ ಇರುವಾಗ, ಮೇಲೆ ತಾರೀಖು ಇಲ್ಲದಾಗ, ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳುವುದು ಹೇಗೆ? ಈ ಪ್ರಕರಣದಲ್ಲಿ ಉತ್ತರ ಚಿತ್ರದೊಳಗೇ ಇದೆ. ನಾಲ್ಕು ಲಾಂಛನ ಮಾತ್ರ ಇದ್ದರೆ ಅದು ಕಾಮನ್‌ವೆಲ್ತ್ ಸೇರುವುದಕ್ಕಿಂತ ಮುಂಚಿನದು. ಬಣ್ಣವಿಲ್ಲದೆ ಬೆಳ್ಳಿ–ಬಿಳಿಯಲ್ಲೇ ಇದ್ದರೆ ಮೊದಲ ಮಾತುಕತೆಗೂ ಮುಂಚಿನದು. ಡ್ಯಾಫಡಿಲ್ ಇರುವ ಕರಡು ಎಲ್ಲಾದರೂ ಕಂಡರೆ ಅದು ಗಾರ್ಟರ್ ತೀರ್ಮಾನಕ್ಕಿಂತ ಹಿಂದಿನದು. ಎಲ್ಲವೂ ತುಂಬಿಕೊಂಡು, ಸಾಲುಗಳು ಗೌನಿನ ಸಾಲುಗಳಿಗೆ ಕರಾರುವಾಕ್ಕಾಗಿ ಹೊಂದಿದರೆ ಎಚ್ಚರ ಬೇಕು. ಅದು ಗೌನು ಮುಗಿದ ಮೇಲೆ ಪತ್ರಿಕೆಗಳಿಗೋ ನೆನಪಿಗೋ ಮತ್ತೆ ಬರೆದದ್ದಾಗಿರಬಹುದು. ವಿನ್ಯಾಸ ಮನೆಗಳಲ್ಲಿ ಈ ರೂಢಿ ಇತ್ತು, ಹಾಗಾಗಿ 'ಮೂಲ ಸ್ಕೆಚ್' ಎಂಬ ಮಾತನ್ನು ಸಂಗ್ರಹಾಲಯದ ಕ್ಯಾಟಲಾಗ್ ಕಾರ್ಡಿನಲ್ಲಿ ಸಲೀಸಾಗಿ ಬರೆಯಬಾರದು.

ಪೂರ್ಣ ಪಟ್ಟಿ ಹೀಗಿದೆ. ಇಂಗ್ಲೆಂಡಿಗೆ ಟ್ಯೂಡರ್ ಗುಲಾಬಿ, ಸ್ಕಾಟ್ಲೆಂಡಿಗೆ ಥಿಸಲ್ ಎಂಬ ಮುಳ್ಳುಹೂ, ಐರ್ಲೆಂಡಿಗೆ ಮೂರೆಲೆಯ ಶ್ಯಾಮ್ರಾಕ್, ವೇಲ್ಸ್‌ಗೆ ಲೀಕ್. ಕೆನಡಾಕ್ಕೆ ಮೇಪಲ್ ಎಲೆ, ಆಸ್ಟ್ರೇಲಿಯಾಕ್ಕೆ ವಾಟಲ್ ಹೂ, ನ್ಯೂಜಿಲೆಂಡಿಗೆ ಫರ್ನ್, ದಕ್ಷಿಣ ಆಫ್ರಿಕಾಕ್ಕೆ ಪ್ರೋಟಿಯಾ, ಭಾರತಕ್ಕೆ ತಾವರೆ, ಸಿಲೋನಿಗೂ ತಾವರೆ. ಪಾಕಿಸ್ತಾನಕ್ಕೆ ಮೂರು: ಗೋಧಿ, ಹತ್ತಿ, ಸೆಣಬು. ಸೆಣಬು ಪೂರ್ವ ಪಾಕಿಸ್ತಾನದ ಬೆಳೆ. 1971ರ ನಂತರ ಯಾರೂ ಪಾಕಿಸ್ತಾನಕ್ಕೆ ಈ ಗುರುತು ಹಾಕುತ್ತಿರಲಿಲ್ಲ. ದಕ್ಷಿಣ ಆಫ್ರಿಕಾ 1961ರಲ್ಲಿ ಕಾಮನ್‌ವೆಲ್ತ್ ಬಿಟ್ಟಿತು. 1953ರ ರಾಜಕೀಯ ಭೂಪಟವೇ ಈ ಲಂಗದ ಸುತ್ತ ಹರಡಿದೆ.

ತಾವರೆಯ ಬಗ್ಗೆ ನಮ್ಮ ಓದುಗರು ಒಂದು ವಿಷಯ ಗಮನಿಸಬೇಕು. 1953ಕ್ಕೆ ಭಾರತ ಗಣರಾಜ್ಯವಾಗಿ ಮೂರು ವರ್ಷ ಕಳೆದಿತ್ತು. ಎಲಿಜಬೆತ್ ಭಾರತದ ರಾಣಿಯಲ್ಲ. 1949ರ ಏಪ್ರಿಲ್‌ನ ಲಂಡನ್ ಘೋಷಣೆಯಂತೆ ಭಾರತ ಗಣರಾಜ್ಯವಾಗಿಯೇ ಕಾಮನ್‌ವೆಲ್ತ್‌ನಲ್ಲಿ ಉಳಿಯಲು ಒಪ್ಪಿ, ಬ್ರಿಟನ್ನಿನ ದೊರೆಯನ್ನು ಆ ಕೂಟದ ಮುಖ್ಯಸ್ಥ ಎಂದಷ್ಟೇ ಮಾನ್ಯ ಮಾಡಿತ್ತು. ನೆಹರೂ ಪಟ್ಟಾಭಿಷೇಕಕ್ಕೆ ಹೋದದ್ದೂ ಹಾಗೆಯೇ. ಸಿಲೋನ್ ಮತ್ತು ಪಾಕಿಸ್ತಾನಕ್ಕೆ ಮಾತ್ರ ಆಗ ಅವರೇ ರಾಣಿ. ಆದ್ದರಿಂದ ಗೌನಿನ ಮೇಲಿನ ಎರಡು ತಾವರೆಗಳು ಹೂವಿನ ಹೆಸರಲ್ಲಿ ಒಂದೇ ಆದರೂ ಸಾಂವಿಧಾನಿಕವಾಗಿ ಬೇರೆಬೇರೆ. 'ಸಾಮ್ರಾಜ್ಯದ ಹೂಗಳು' ಎಂದು ಶೀರ್ಷಿಕೆ ಕೊಟ್ಟು ಎಲ್ಲವನ್ನೂ ಒಟ್ಟು ಮಾಡಿದ ಬರಹಗಳು ಇಲ್ಲಿ ಎಡವುತ್ತವೆ.

ಎರಡು ತಾವರೆಯನ್ನು ಬಿಡಿಸಿ ಹೇಳುವುದು ಸಾಮಗ್ರಿಯಿಂದ. ಹಾರ್ಟ್ನೆಲ್ ಕೊಟ್ಟ ವಿವರದಂತೆ ಭಾರತದ್ದು ಮುತ್ತಿನ ಚಿಪ್ಪಿನ ಎಸಳು, ಸಣ್ಣ ಮುತ್ತು, ಹರಳು. ಸಿಲೋನಿನದು ಓಪಲ್, ಮುತ್ತಿನ ಚಿಪ್ಪು, ಹರಳು, ಜೊತೆಗೆ ಮೆದು ಹಸಿರು ರೇಷ್ಮೆ. ಅಂಗೈಯಗಲದ ಕಸೂತಿಯಲ್ಲಿ ಈ ಭೇದ ಕಾಣುತ್ತದೆ. ಕಾಗದದ ಮೇಲೆ ಒಂದು ಸೆಂಟಿಮೀಟರ್ ಜಾಗದಲ್ಲಿ ಕುಂಚದ ಎರಡು ಮೂರು ಚುಕ್ಕಿಗೆ ಇದನ್ನು ಹಿಡಿಯಲಾಗದು. ಸ್ಕೆಚ್ ಮಾತ್ರ ನೋಡಿ 'ಭಾರತದ ತಾವರೆ ಇಲ್ಲಿದೆ' ಎಂದು ಬಾಣದ ಗುರುತು ಹಾಕುವುದು ಊಹೆಯಾಗುತ್ತದೆ.

ವಿವರಣೆಗಳಲ್ಲಿ 'ವಜ್ರ' ಎಂದಿರುವ ಕಡೆಯೂ ಹುಷಾರಾಗಿರಬೇಕು. ಇಂಥ ಕಸೂತಿಯಲ್ಲಿ ಆ ಮಾತಿಗೆ ಸಾಮಾನ್ಯವಾಗಿ ಮುಖ ಕತ್ತರಿಸಿದ ಗಾಜಿನ ಹರಳು ಎಂದೇ ಅರ್ಥ. ಕ್ಯಾಟಲಾಗಿನಲ್ಲಿ ಸಾಮಗ್ರಿಯ ಕಾಲಂಗೆ ಕಣ್ಣಿನಿಂದ ಪರೀಕ್ಷಿಸಿದ್ದನ್ನು ಬರೆಯಬೇಕು, ವಿನ್ಯಾಸಕರ ಮಾತನ್ನು ಟಿಪ್ಪಣಿಯಲ್ಲಿ ಬೇರೆಯಾಗಿ ಇಡಬೇಕು.

ಕಾಗದದಿಂದ ಬಟ್ಟೆಗೆ

ಇನ್ನು ಅಳತೆ. ಫ್ಯಾಷನ್ ಸ್ಕೆಚ್ಚಿನ ದೇಹ ನಿಜ ದೇಹವಲ್ಲ. ಮನುಷ್ಯರ ಎತ್ತರ ಸುಮಾರು ಏಳೂವರೆ ತಲೆಯಷ್ಟಿದ್ದರೆ ಸ್ಕೆಚ್ಚಿನಲ್ಲಿ ಒಂಬತ್ತು, ಕೆಲವೊಮ್ಮೆ ಹತ್ತು. ಹೆಚ್ಚುವರಿ ಉದ್ದವೆಲ್ಲ ಸೊಂಟದ ಕೆಳಗೆ. ರಾಣಿಯ ಎತ್ತರ ಸುಮಾರು 163 ಸೆಂ.ಮೀ. ಮಾತ್ರ, ಉದ್ದ ಕಾಲಿನ ಸ್ಕೆಚ್ಚನ್ನು ಹಾಗೆಯೇ ಹಿಗ್ಗಿಸಿ ಅವರಿಗೆ ಹೊಲಿದರೆ ಹೊಂದುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ 30 ಸೆಂ.ಮೀ. ಎತ್ತರದ ಆಕೃತಿ, ಅದರಲ್ಲಿ ಸೊಂಟದಿಂದ ನೆಲಕ್ಕೆ 20, ಭುಜದಿಂದ ಸೊಂಟಕ್ಕೆ 5 ಎಂದು ಇಟ್ಟುಕೊಳ್ಳಿ. ನಿಜ ದೇಹದಲ್ಲಿ ಹಿಮ್ಮಡಿಯ ಎತ್ತರ ಸೇರಿ ಸೊಂಟದಿಂದ ನೆಲಕ್ಕೆ 105, ಭುಜದಿಂದ ಸೊಂಟಕ್ಕೆ 40 ಸೆಂ.ಮೀ. ಇದ್ದರೆ, ಲಂಗದಲ್ಲಿ ಕಾಗದದ 1 ಸೆಂ.ಮೀ. ಬಟ್ಟೆಯ 5.25 ಸೆಂ.ಮೀ. ಆಗುತ್ತದೆ, ರವಿಕೆಯ ಭಾಗದಲ್ಲಿ 8 ಸೆಂ.ಮೀ. ಅಂದರೆ ಕಾಗದದಲ್ಲಿ ಒಂದೇ ಗಾತ್ರದ ಎರಡು ಗುಲಾಬಿ ಬಟ್ಟೆಯಲ್ಲಿ ಒಂದೇ ಗಾತ್ರ ಇರಲಾರವು. ಒಂದೇ ಚಿತ್ರದಲ್ಲಿ ಎರಡು ಅಳತೆಗೋಲು. ಸ್ಕೆಚ್ಚಿನಿಂದ ಪ್ರತಿಕೃತಿ ಹೊಲಿಯಲು ಹೊರಟವರು ಮೊದಲು ಕೆಡುವುದು ಇಲ್ಲೇ: ಎದೆಯ ಅಂಚಿನ ಕಸೂತಿ ದಪ್ಪವಾಗಿ, ಲಂಗದ್ದು ಪೀಚಾಗಿ ಬರುತ್ತದೆ.

ಅಗಲದ್ದು ಇನ್ನೂ ಕಷ್ಟ. ಚಿತ್ರದಲ್ಲಿ ಲಂಗದ ಕೆಳಅಂಚು 20 ಸೆಂ.ಮೀ. ಅಗಲ ಕಂಡರೆ ಮೇಲಿನ ಲೆಕ್ಕದಲ್ಲಿ ಅದು 105 ಸೆಂ.ಮೀ. ವ್ಯಾಸ. ಸುತ್ತಳತೆ ಸುಮಾರು 330 ಸೆಂ.ಮೀ., ಮಡಿಕೆಗಳಿದ್ದರೆ ಇನ್ನೂ ಹೆಚ್ಚು. ಎದುರಿನಿಂದ ಬರೆದ ಚಿತ್ರ ಆ ಸುತ್ತಿನ ಅರ್ಧವನ್ನಷ್ಟೇ ತೋರಿಸುತ್ತದೆ, ಅದರಲ್ಲೂ ಪಕ್ಕದ ಹೂಗಳು ಓರೆಯಾಗಿ ಕುಗ್ಗಿರುತ್ತವೆ. ಬೆನ್ನಿನ ಕಡೆ, ಹಿಂದೆ ನೆಲದ ಮೇಲೆ ಎಳೆಯುವ ಚಿಕ್ಕ ಸೆರಗು, ತೋಳಿನ ಕೆಳಭಾಗ ಇವಕ್ಕೆಲ್ಲ ಸ್ಕೆಚ್ಚಿನಲ್ಲಿ ಉತ್ತರವಿಲ್ಲ. ಅವನ್ನು ತೀರ್ಮಾನಿಸಿದ್ದು ಹೊಲಿಗೆ ಕೋಣೆ.

ನಡುವೆ ಬರುವ ಹಂತ ಮಾದರಿ ತುಂಡು. ಪ್ರತಿ ಲಾಂಛನವನ್ನೂ ಬೇರೆಬೇರೆ ಬಟ್ಟೆಯ ತುಂಡಿನ ಮೇಲೆ ಕಸೂತಿ ಮಾಡಿ ರಾಣಿಗೆ ತೋರಿಸಿ ಒಪ್ಪಿಗೆ ಪಡೆದರು. ಈ ಹಂತವನ್ನು ಬಿಟ್ಟರೆ ಸ್ಯಾಟಿನ್ ಮೇಲೆ ತಿದ್ದಲು ಅವಕಾಶವಿಲ್ಲ. ಸ್ಯಾಟಿನ್ನಿನ ಹೊಳಪು ಬರುವುದು ಮೇಲೆ ಉದ್ದಕ್ಕೆ ತೇಲುವ ಎಳೆಗಳಿಂದ. ಸೂಜಿ ಹೋದ ಕಡೆ ಎಳೆ ಸರಿದು ತೂತು ಉಳಿಯುತ್ತದೆ, ಹೊಲಿಗೆ ಬಿಚ್ಚಿದರೂ ಗುರುತು ಹೋಗುವುದಿಲ್ಲ. ಹಾಗಾಗಿ ಸ್ಕೆಚ್ಚಿನ ಮುಂದೆ ಪ್ರಯೋಗದ ಜಾಗವೆಂದರೆ ಮಾದರಿ ತುಂಡೇ. ಯಾವ ಮಣಿ, ಯಾವ ಎಳೆ, ಎಷ್ಟು ಉಬ್ಬು ಎಂಬುದು ಅಲ್ಲೇ ನಿಗದಿಯಾಗುತ್ತದೆ. ಮೇಪಲ್ ಎಲೆಗೆ ಹಸಿರು ರೇಷ್ಮೆ ತುಂಬಿ, ಅಂಚಿಗೆ ಚಿನ್ನದ ಸುರುಳಿ ತಂತಿ, ನರಗಳಿಗೆ ಸ್ಫಟಿಕ. ಥಿಸಲ್‌ಗೆ ತಿಳಿ ನೇರಳೆ ರೇಷ್ಮೆಯ ಜೊತೆ ಅಮೆಥಿಸ್ಟ್. ಇಷ್ಟು ಖಚಿತವಾದ ಮಾತನ್ನು ಯಾವ ಸ್ಕೆಚ್ಚೂ ಹೇಳಲಾರದು.

ಮಾದರಿ ಒಪ್ಪಿಗೆಯಾದ ಮೇಲೆ ಪೂರ್ಣ ಗಾತ್ರದ ನಕ್ಷೆ. ಇಂಥ ಕಸೂತಿ ಕೋಣೆಗಳ ಕ್ರಮ ಹೀಗೆ: ಲಂಗದ ಪ್ರತಿ ಪಟ್ಟಿಗೂ ಕಾಗದದಲ್ಲಿ ನಿಜ ಅಳತೆಯ ಆಕಾರ ಬಿಡಿಸಿ, ಸೊಂಟದಿಂದ ಕೆಳಕ್ಕೆ ಸಾಲುಗಳ ಎತ್ತರ ಗುರುತಿಸಿ, ಹೂಗಳನ್ನು ಹಂಚಿ, ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುವುದು. ಆಮೇಲೆ ಬಟ್ಟೆಯ ಮೇಲಿಟ್ಟು ಪುಡಿ ಉಜ್ಜಿದರೆ ತೂತಿನ ಮೂಲಕ ಚುಕ್ಕಿಗೆರೆ ಬೀಳುತ್ತದೆ. ಬೆಂಗಳೂರು, ಹುಬ್ಬಳ್ಳಿಯ ಆರಿ ವರ್ಕ್ ಅಂಗಡಿಗಳಲ್ಲಿ ರವಿಕೆಗೆ ಇಂದಿಗೂ ಮಾಡುವುದು ಇದನ್ನೇ; ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ ಬಟ್ಟೆಯ ಉಂಡೆಯಿಂದ ಒರೆಸುತ್ತಾರೆ. ಬಿಳಿ ಸ್ಯಾಟಿನ್‌ಗೆ ಎಣ್ಣೆ ಸೋಕಿದರೆ ಉಂಗುರದಂಥ ಕಲೆ ಉಳಿಯುವ ಭಯವಿರುವುದರಿಂದ ಒಣ ಪುಡಿಯೇ ಕ್ಷೇಮ, ಅದೂ ತೀರ ತಿಳಿ ಬಣ್ಣದ್ದು.

ಕಸೂತಿ ನಡೆಯುವುದು ಪಟ್ಟಿಗಳನ್ನು ಜೋಡಿಸುವ ಮುಂಚೆ, ಚೌಕಟ್ಟಿಗೆ ಬಿಗಿದು. ಹೊಲಿಗೆಯ ಗೆರೆಯ ಮೇಲೆ ಬೀಳುವ ಹೂವನ್ನು ಅರ್ಧಕ್ಕೆ ಬಿಟ್ಟು, ಪಟ್ಟಿಗಳು ಕೂಡಿದ ಮೇಲೆ ಕೈಯಲ್ಲೇ ಮುಗಿಸಬೇಕು. ಇಲ್ಲದಿದ್ದರೆ ಲಂಗದ ಸುತ್ತ ಹೂವಿಲ್ಲದ ಉದ್ದ ಗೆರೆಗಳು ಎದ್ದು ಕಾಣುತ್ತವೆ. ಬಿಗಿತ ಹೆಚ್ಚಾದರೆ ಚೌಕಟ್ಟಿನಿಂದ ಇಳಿಸಿದಾಗ ಬಟ್ಟೆ ಕುಗ್ಗಿ ಹೂವಿನ ಸುತ್ತ ಸುಕ್ಕು ಬರುತ್ತದೆ. ಕಡಿಮೆಯಾದರೆ ಎಳೆ ಎಳೆದಾಗಲೇ ಸುಕ್ಕು. ಚಿನ್ನ–ಬೆಳ್ಳಿಯ ಸುರುಳಿ ತಂತಿಯನ್ನು, ನಮ್ಮಲ್ಲಿ ಜರ್ದೋಸಿ ಎನ್ನುವುದನ್ನು, ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿ ಮಣಿಯಂತೆ ಸೂಜಿಗೆ ಏರಿಸುತ್ತಾರೆ. ಕೂದಲೆಳೆಯಷ್ಟು ಉದ್ದವಾದರೂ ಉಬ್ಬಿ ಬಿರಿಯುತ್ತದೆ, ಗಿಡ್ಡವಾದರೆ ಒಳಗಿನ ದಾರ ಇಣುಕುತ್ತದೆ. ಪೈಪ್ ಮಣಿಯ ಬಾಯಂಚು ಹರಿತ, ಅದು ಕಾಲಾಂತರದಲ್ಲಿ ದಾರವನ್ನೇ ಕತ್ತರಿಸುತ್ತದೆ. ಅದಕ್ಕೇ ಮೇಣ ಹಚ್ಚಿದ ದಾರ, ಎರಡೂ ತುದಿಗೆ ಒಂದೊಂದು ದುಂಡು ಮಣಿ. ಹಳೆಯ ಗೌನುಗಳಲ್ಲಿ ಮೊದಲು ಉದುರುವುದು ಈ ಪೈಪ್ ಮಣಿಗಳ ಸಾಲೇ.

ಹಾರ್ಟ್ನೆಲ್ ಗೌನಿಗೆ ಎಂಟು ತಿಂಗಳು ಹಿಡಿಯಿತು. ಮೂವರು ಹೊಲಿಗೆಯವರು, ಆರು ಮಂದಿ ಕಸೂತಿಯವರು. ಅವರ ಎದುರಿಗಿದ್ದ ಅತಿ ದೊಡ್ಡ ತೊಂದರೆ ತೂಕ. ಲೋಹದ ತಂತಿ, ಗಾಜು, ಮುತ್ತು ಎಲ್ಲ ಸೇರಿದ ಕಸೂತಿ ಲಂಗದ ಕೆಳಭಾಗದಲ್ಲೇ ಜಾಸ್ತಿ, ಏಕೆಂದರೆ ಸಾಲುಗಳು ಕೆಳಗೆ ಹೋದಂತೆ ಅಗಲ. ಬರಿಯ ಸ್ಯಾಟಿನ್ ಅದನ್ನು ಹೊತ್ತರೆ ಮೂರು ಅನಾಹುತ: ಓರೆಯಾಗಿ ಕತ್ತರಿಸಿದ ಪಟ್ಟಿಗಳು ಒಂದೊಂದು ಕಡೆ ಒಂದೊಂದು ಅಳತೆಗೆ ಇಳಿದು ಅಂಚು ಏರುಪೇರಾಗುತ್ತದೆ, ನಡೆಯುವಾಗ ಲಂಗ ಕಾಲಿಗೆ ಸುತ್ತುತ್ತದೆ, ಸೊಂಟದ ಹೊಲಿಗೆ ಎಳೆತಕ್ಕೆ ಸಿಕ್ಕುತ್ತದೆ. ಸ್ಕೆಚ್ಚಿನಲ್ಲಿ ಲಂಗ ಗಂಟೆಯಂತೆ ಹಗುರವಾಗಿ ಅರಳಿ ನಿಂತಿರುತ್ತದೆ, ಕಾಗದಕ್ಕೆ ಭಾರವಿಲ್ಲ. ಆ ನಿಲುವನ್ನು ಬಟ್ಟೆಯಲ್ಲಿ ತರಲು ಒಳಗೆ ಟಫೆಟಾ ಎಂಬ ಗರಿಗರಿಯಾದ ಕೆನೆಬಣ್ಣದ ಬಟ್ಟೆಯ ಲೈನಿಂಗ್ ಕೊಟ್ಟು, ಅದಕ್ಕೆ ಕುದುರೆಕೂದಲಿನ ಗಡಸು ಬಟ್ಟೆಯ ಮೂರು ಪದರ ಸೇರಿಸಿದರು. ಆಗ ಭಾರ ಸ್ಯಾಟಿನ್ನಿನ ಮೇಲೆ ಮಾತ್ರ ಬೀಳದೆ ಒಳಪದರಗಳಿಗೆ ಹಂಚಿಹೋಗುತ್ತದೆ, ಲಂಗ ತಾನಾಗಿ ದೇಹದಿಂದ ದೂರ ನಿಲ್ಲುತ್ತದೆ. ಗೌನಿನ ಹೊರರೇಖೆಯನ್ನು ನಿಜವಾಗಿ ಕಟ್ಟಿದ್ದು ಸ್ಕೆಚ್ಚಿನಲ್ಲಿ ಒಂದು ಗೆರೆಯೂ ಇಲ್ಲದ ಈ ಒಳಭಾಗ.

ಹೊಲಿಗೆ ಕೋಣೆಯ ಮಟ್ಟದಲ್ಲೇ ಸೇರಿದ ಇನ್ನೊಂದು ವಿವರ ನಾಲ್ಕೆಲೆಯ ಶ್ಯಾಮ್ರಾಕ್. ಲಂಗದ ಎಡಬದಿಯಲ್ಲಿ, ರಾಣಿಯ ಎಡಗೈ ಸೋಕುವ ಕಡೆ, ಅದೃಷ್ಟಕ್ಕೆಂದು ಹಾರ್ಟ್ನೆಲ್ ಗುಟ್ಟಾಗಿ ಇದನ್ನು ಸೇರಿಸಿದರು. ಗಿರಾಕಿ ನೋಡಿ ಒಪ್ಪಿದ ಸ್ಕೆಚ್ಚಿಗೆ ಸಂಬಂಧಿಸದ, ಕೊನೆಯ ಹಂತದ ತೀರ್ಮಾನ ಇದು.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಬೇಕು. ಪಟ್ಟಾಭಿಷೇಕದ ಚಿತ್ರಗಳಲ್ಲಿ ಕಾಣುವ ನೇರಳೆ ಮಖಮಲ್ಲಿನ ಉದ್ದ ನಿಲುವಂಗಿ ಹಾರ್ಟ್ನೆಲ್ ವಿನ್ಯಾಸವಲ್ಲ. ಅದರ ಚಿನ್ನದ ಕಸೂತಿ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನದು: 12 ಮಂದಿ, 3,500 ಗಂಟೆ, 18 ಬಗೆಯ ಚಿನ್ನದ ಎಳೆ, ಗೋಧಿ ತೆನೆ ಮತ್ತು ಆಲಿವ್ ಕೊಂಬೆಗಳು. ಈ ಅಂಕಿಗಳನ್ನು ಗೌನಿಗೆ ಅಂಟಿಸಿ ಬರೆದ ಶೀರ್ಷಿಕೆಗಳು ಆಗಾಗ ಸಿಗುತ್ತವೆ. ಗೌನಿನ ಗೋಧಿ ಪಾಕಿಸ್ತಾನದ ಲಾಂಛನ, ನಿಲುವಂಗಿಯ ಗೋಧಿ ಸಮೃದ್ಧಿಯ ಗುರುತು. ಸಸ್ಯ ಒಂದೇ, ಕೆಲಸ ಬೇರೆ.

ಯಾರ ಕೈಬರಹ

ಹಾರ್ಟ್ನೆಲ್ ಹೆಸರಿನ ಸ್ಕೆಚ್ ಎಂದಾಕ್ಷಣ ಹಾರ್ಟ್ನೆಲ್ ಕೈಯಿಂದಲೇ ಬರೆದದ್ದು ಎಂದು ಹೇಳಲಾಗದು. ಅವರ ಮನೆಯಲ್ಲಿ 1952ರಿಂದ ಇಯಾನ್ ಥಾಮಸ್ ಎಂಬ ತರುಣ ಸಹಾಯಕರಿದ್ದರು. ಪಟ್ಟಾಭಿಷೇಕದ ಗೌನಿನ ಸ್ಕೆಚ್‌ಗಳಲ್ಲಿ ಅವರ ಪಾಲೂ ಇದೆ. ಮುಂದೆ ಅವರು ಸ್ವಂತ ಮನೆ ತೆರೆದು ರಾಣಿಗೇ ವಿನ್ಯಾಸ ಮಾಡಿದರು. ಆ ಕಾಲದ ದೊಡ್ಡ ವಿನ್ಯಾಸ ಮನೆಗಳಲ್ಲೆಲ್ಲ ಸ್ಕೆಚ್ ಬರೆಯಲು ನೌಕರರಿರುತ್ತಿದ್ದರು. ಒಡೆಯರ ಸಹಿ ಇದ್ದರೆ ಆ ವಿನ್ಯಾಸವನ್ನು ಮನೆ ಒಪ್ಪಿದೆ ಎಂದರ್ಥ, ಕುಂಚ ಹಿಡಿದವರ ಗುರುತು ಅದಲ್ಲ.

ಹಾಗಾಗಿ ಕ್ಯಾಟಲಾಗ್ ಕಾರ್ಡಿನಲ್ಲಿ ಮೂರು ಕಾಲಂ ಬೇರೆಯಾಗಿರಲಿ: ವಿನ್ಯಾಸ ಯಾರದು, ಚಿತ್ರ ಯಾರ ಕೈ, ಹೊಲಿದದ್ದು ಎಲ್ಲಿ. ಗೊತ್ತಿಲ್ಲದ್ದನ್ನು ಖಾಲಿ ಬಿಡಲಿ. ಕೈ ಗುರುತಿಸಲು ಮುಖ ನೋಡಿ ಉಪಯೋಗ ಕಡಿಮೆ, ಅದು ಮನೆಯ ಶೈಲಿಗೆ ತಕ್ಕಂತೆ ಎಲ್ಲರೂ ಒಂದೇ ಥರ ಬರೆಯುವ ಭಾಗ. ಬೆರಳು, ಪಾದದ ತುದಿ, ಬಟ್ಟೆಯ ನೆರಿಗೆ ಸೊಂಟದಿಂದ ಹೊರಡುವ ಜಾಗ, ಮಣಿಗೆ ಇಟ್ಟ ಬಿಳಿ ಚುಕ್ಕಿಯ ಒತ್ತಡ, ಇವುಗಳಲ್ಲಿ ಅಭ್ಯಾಸ ಬಯಲಾಗುತ್ತದೆ. ಹಾಳೆಯ ಹಿಂಬದಿ ತಪ್ಪದೆ ನೋಡಬೇಕು. ನಂಬರು, ಹೊಲಿಗೆಯವರ ಹೆಸರು, ಬೆಲೆ, ಗುಂಡುಸೂಜಿಯ ತುಕ್ಕು, ಬಟ್ಟೆ ತುಂಡು ಅಂಟಿಸಿದ್ದ ಗೋಂದಿನ ಕಲೆ ಎಲ್ಲ ಅಲ್ಲೇ ಇರುತ್ತವೆ. ತುಕ್ಕು ಕಲೆ ಎಂದು ಅದನ್ನು ತೆಗೆಯಲು ಹೋಗಬಾರದು. ಎರಡು ತೂತುಗಳ ನಡುವಿನ ಅಂತರದಿಂದ ಅಲ್ಲಿ ಎಷ್ಟು ಅಗಲದ ತುಂಡು ಇತ್ತೆಂದು ತಿಳಿಯಬಹುದು.

ಬಣ್ಣ ಉಳಿಯುವುದು, ಹೋಗುವುದು

ಈ ಕಾಲದ ಫ್ಯಾಷನ್ ಸ್ಕೆಚ್ ಎಂದರೆ ಬಹುಪಾಲು ಪೆನ್ಸಿಲ್ ಗೆರೆ, ಜಲವರ್ಣ, ಮೇಲೆ ಗೌಷ್ (ಕೆಳಗಿನದನ್ನು ಮುಚ್ಚುವ ದಪ್ಪ ನೀರುಬಣ್ಣ), ಹೊಳಪಿಗೆ ಲೋಹದ ಬಣ್ಣ. ನಾಲ್ಕೂ ಬೇರೆಬೇರೆ ರೀತಿ ಹಾಳಾಗುತ್ತವೆ. ಗೌಷ್ ದಪ್ಪವಾಗಿ ಹಚ್ಚಿದ ಕಡೆ, ಮುಖ್ಯವಾಗಿ ಮುತ್ತು ತೋರಿಸಲು ಇಟ್ಟ ಬಿಳಿ ಚುಕ್ಕಿಗಳಲ್ಲಿ, ಕಾಗದ ಬಾಗಿದರೆ ಬಿರಿದು ಉದುರುತ್ತದೆ. ನೀರು ತಾಗಿದರೆ ಕರಗುತ್ತದೆ, ಆದ್ದರಿಂದ ತೊಳೆದು ಸ್ವಚ್ಛ ಮಾಡುವ ಮಾತೇ ಇಲ್ಲ. 'ಚಿನ್ನ'ದ ಬಣ್ಣ ಸಾಮಾನ್ಯವಾಗಿ ತಾಮ್ರ–ಸತುವಿನ ಪುಡಿ. ತೇವಾಂಶ ಸಿಕ್ಕರೆ ಕಂದಿ ಹಸಿರುಗಟ್ಟುತ್ತದೆ, ಕಾಗದದ ಹಿಂಬದಿಗೂ ಕಲೆ ಇಳಿಸುತ್ತದೆ. ಚೌಕಟ್ಟಿಗೆ ಸಾದಾ ಅಕ್ರಿಲಿಕ್ ಹಾಳೆ ಹಾಕಿದರೆ ಅದರ ಸ್ಥಿರವಿದ್ಯುತ್ತು ಸಡಿಲ ಬಣ್ಣವನ್ನು ಎಳೆದುಕೊಳ್ಳುತ್ತದೆ. ಲ್ಯಾಮಿನೇಟ್ ಗಾಜು ಅಥವಾ ಸ್ಥಿರವಿದ್ಯುತ್ ತಡೆಯುವ ಬಗೆ ಬೇಕು. ಹಾಳೆಯನ್ನು ಆಮ್ಲವಿಲ್ಲದ ಹತ್ತಿ ಬೋರ್ಡಿಗೆ ಜಪಾನಿ ಕಾಗದದ ಸಣ್ಣ ಪಟ್ಟಿ, ಗೋಧಿ ಪಿಷ್ಟದ ಅಂಟು ಬಳಸಿ ಮೇಲಂಚಿನಲ್ಲಿ ಮಾತ್ರ ತೂಗುಹಾಕಬೇಕು. ನಾಲ್ಕೂ ಕಡೆ ಅಂಟಿಸಿದರೆ ತೇವ ಹೆಚ್ಚುಕಡಿಮೆ ಆದಾಗ ಕಾಗದ ಉಬ್ಬಿ ಬಣ್ಣ ಬಿರಿಯುತ್ತದೆ. ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರಬಾರದು, ಕೆಲವು ತಿಂಗಳ ಪ್ರದರ್ಶನದ ನಂತರ ವರ್ಷಗಟ್ಟಲೆ ಕತ್ತಲಲ್ಲಿ ಇಡಬೇಕು.

ಕಾಗದದ ವಯಸ್ಸಿಗೆ ಒಂದು ಸುಲಭ ಪರೀಕ್ಷೆ ಇದೆ. ಕಾಗದವನ್ನು ಹೆಚ್ಚು ಬೆಳ್ಳಗೆ ತೋರಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರ ಹೊತ್ತಿಗೆ. ಅತಿನೇರಳೆ ದೀಪದ ಕೆಳಗೆ ಅಂಥ ಕಾಗದ ನೀಲಿ–ಬಿಳಿಯಾಗಿ ಮಿನುಗುತ್ತದೆ. 1937ರದೆಂದು ಹೇಳಿ ಮಾರಲು ತಂದ ಹಾಳೆ ಹೀಗೆ ಮಿನುಗಿದರೆ ತಕ್ಷಣ ಅನುಮಾನಿಸಬಹುದು. 1953ರ ಹಾಳೆ ಮಿನುಗಿದರೂ ಸರಿ, ಮಿನುಗದಿದ್ದರೂ ಸರಿ. ಈ ಪ್ರಕರಣದಲ್ಲಿ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ. ಕೆಲವು ಸೆಕೆಂಡ್ ಮಾತ್ರ ದೀಪ ಹಾಯಿಸಬೇಕು, ಆ ಬೆಳಕೇ ಬಣ್ಣಕ್ಕೆ ಹಾನಿ.

ಕೊನೆಯದಾಗಿ ಬಣ್ಣದ ಹೋಲಿಕೆ. ವಿನ್ಯಾಸಕರಿಗೆಂದು ಮಾರುತ್ತಿದ್ದ ಗೌಷ್‌ಗಳಲ್ಲಿ ಕಡು ಗುಲಾಬಿ, ಕೆನ್ನೇರಳೆಗಳು ಹಲವು ಬೇಗ ಮಾಸುವ ಬಣ್ಣಗಳು. ಚಿತ್ರ ಮುದ್ರಣಕ್ಕೋ ಗಿರಾಕಿಗೋ ಹೋದರೆ ಅದರ ಕೆಲಸ ಮುಗಿಯಿತು ಎಂಬ ಲೆಕ್ಕದಲ್ಲಿ ತಯಾರಾದವು ಅವು. ಪಟ್ಟಾಭಿಷೇಕದ ಗೌನಿನಲ್ಲಿ ಟ್ಯೂಡರ್ ಗುಲಾಬಿ, ಪ್ರೋಟಿಯಾ ಮತ್ತು ಥಿಸಲ್ ಈ ಬಣ್ಣಗಳ ಮೇಲೇ ನಿಂತಿವೆ, ಹಸಿರು ಎಲೆಗಳಲ್ಲ. ಇಂಥ ಚಿತ್ರದಲ್ಲಿ ಗುಲಾಬಿ ಮಂಕಾಗಿ ಹಸಿರು ಎದ್ದು ಕಂಡರೆ ವಿನ್ಯಾಸಕರು ಹಾಗೆ ಬಯಸಿದ್ದರು ಎಂದು ಬರೆದುಬಿಡಬಾರದು. ಚಿತ್ರದ ಸುತ್ತ ಹಾಕುವ ಮೌಂಟ್ ಬೋರ್ಡಿನ ಅಂಚಿನಡಿ ಮುಚ್ಚಿಹೋಗಿದ್ದ ಬಣ್ಣದೊಂದಿಗೆ ಮೊದಲು ಹೋಲಿಸಬೇಕು. ಗೌನೂ ಹಾಗೇ ಉಳಿದಿಲ್ಲ. ಪಟ್ಟಾಭಿಷೇಕದ ನಂತರ ರಾಣಿ ಅದನ್ನು ಮತ್ತೆ ತೊಟ್ಟರು: 1954ರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಸಿಲೋನ್ ಸಂಸತ್ತುಗಳಲ್ಲಿ, 1957ರಲ್ಲಿ ಕೆನಡಾದಲ್ಲಿ. ತೊಟ್ಟ ಪ್ರತಿ ಸಲವೂ ಬೆವರು, ಬೆಳಕು, ಉಜ್ಜಾಟ. ಬೆಳ್ಳಿಯ ಎಳೆ ಕಪ್ಪಾಗುತ್ತದೆ, ರೇಷ್ಮೆ ಮಾಸುತ್ತದೆ. ರೇಷ್ಮೆಯ ಮೂಲ ಬಣ್ಣ ಕಸೂತಿಯ ಹಿಂಬದಿಯಲ್ಲಿ ಉಳಿದಿರುತ್ತದೆ, ಆದರೆ ಇಲ್ಲಿ ಅದು ಟಫೆಟಾ ಮತ್ತು ಮೂರು ಗಡಸು ಪದರದ ಒಳಗಿದೆ. ಬಣ್ಣ ನೋಡಲೆಂದು ಹೊಲಿಗೆ ಬಿಚ್ಚುವುದು ಯಾವ ಕಾರಣಕ್ಕೂ ಸಲ್ಲದು. ಮುಂದೆ ಎಂದಾದರೂ ಲೈನಿಂಗ್ ದುರಸ್ತಿಗೆ ಬಂದು ಒಂದು ಕಡೆ ತೆರೆಯಬೇಕಾಗಿ ಬಂದರೆ, ಆಗ ಬಣ್ಣದ ಪಟ್ಟಿ ಪಕ್ಕದಲ್ಲಿಟ್ಟು ಆ ಹಿಂಬದಿಯ ಫೋಟೊ ತೆಗೆದು ಸ್ಕೆಚ್ಚಿನ ಕಡತಕ್ಕೆ ಸೇರಿಸಬೇಕು.